ಎ.ಸಿ, ಸೋಲಾರ್, ಗೀಸರ್: ಮಲೆನಾಡಿನ ಮನೆಗೆ ಯಾರ ಕೈಯಲ್ಲಿ ಹಾಕಿಸಬೇಕು?

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಮೊದಲ ಎ.ಸಿ ಕೂರಿಸಿದ್ದು ಒಂದು ಏಪ್ರಿಲ್ ಮಧ್ಯಾಹ್ನ. ಇಬ್ಬರು ಹುಡುಗರು ಬಂದರು, ಗೋಡೆ ಕೊರೆದರು, ಪೈಪ್ ಎಳೆದರು. ಮುಕ್ಕಾಲು ಗಂಟೆಯಲ್ಲಿ ತಣ್ಣನೆಯ ಗಾಳಿ ಬಂತು. ನಾವೆಲ್ಲ ಅವರ ಚುರುಕುತನವನ್ನು ಹೊಗಳಿ, ಮಜ್ಜಿಗೆ ಕೊಟ್ಟು ಕಳಿಸಿದೆವು. ಜೂನ್ ತಿಂಗಳಲ್ಲಿ ಅದೇ ಗೋಡೆ ಒದ್ದೆಯಾಗಿ ಕಪಾಟಿನ ಹಿಂದೆ ಬೂಷ್ಟು ಹಿಡಿಯಿತು. ಮರುವರ್ಷ ಮಾರ್ಚ್‌ನಲ್ಲಿ ತಂಪೇ ಬರಲಿಲ್ಲ. ‘ಗ್ಯಾಸ್ ಮುಗಿದಿದೆ’ ಎಂದು ತುಂಬಿಸಿ ಹೋದರು. ಅದರ ಮರುವರ್ಷವೂ ಅದೇ ಮಾತು, ಅದೇ ಖರ್ಚು. ಮೂರನೆಯ ಸಲ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಂದರು. ಪೈಪಿನೊಳಗೆ ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಔಟ್‌ಡೋರ್ ಯೂನಿಟ್‌ನ ಹಿತ್ತಾಳೆ ನಟ್ಟಿನ ಬಳಿ ಸಣ್ಣ ಗುಳ್ಳೆಗಳು ಏಳುತ್ತಿರುವುದನ್ನು ನನ್ನನ್ನು ಕರೆದು ತೋರಿಸಿದರು. ಯಂತ್ರ ಚೆನ್ನಾಗಿಯೇ ಇತ್ತು. ಅದನ್ನು ಜೋಡಿಸಿದ ಕೈ ಚೆನ್ನಾಗಿರಲಿಲ್ಲ.

ಯಾವ ಕಂಪನಿ, ಎಷ್ಟು ಸ್ಟಾರ್, ಯಾವ ಬಣ್ಣ ಎಂದು ವಾರಗಟ್ಟಲೆ ಹುಡುಕುವ ನಾವು, ಅದನ್ನು ಗೋಡೆಗೆ ಕೂರಿಸುವವರನ್ನು ಮಾತ್ರ ಅಂಗಡಿಯವರ ಆಯ್ಕೆಗೆ ಬಿಟ್ಟುಬಿಡುತ್ತೇವೆ. ಆ ಅನುಭವದ ನಂತರ ನಮ್ಮ ಮನೆಗೆ, ತೀರ್ಥಹಳ್ಳಿಯ ಆಚೆ ಇರುವ ಅಮ್ಮನ ಮನೆಗೆ, ಅತ್ತಿಗೆಯ ಹೊಸ ಮನೆಗೆ ಎ.ಸಿ, ಬಿಸಿನೀರಿನ ಕೆಲಸಗಳನ್ನು ಮಾಡಿಸುವಾಗ ನಾನು ಜನರನ್ನು ಹೋಲಿಸಿ ನೋಡುವುದನ್ನು ಕಲಿತೆ. ಆ ಹೋಲಿಕೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೇಡ ಎನ್ನಬಲ್ಲವರು

ನಮ್ಮ ಕಡೆ ಮನೆ ಬಿಸಿ ಮಾಡುವುದು ಎಂದರೆ ಬಹುಮಟ್ಟಿಗೆ ಸ್ನಾನದ ನೀರು ಬಿಸಿ ಮಾಡುವುದು. ತಂಪು ಮಾಡುವುದು ಎಂದರೆ ಬರೀ ಸೆಕೆ ಕಳೆಯುವುದಲ್ಲ, ಗಾಳಿಯ ತೇವವನ್ನು ತೆಗೆಯುವುದು ಕೂಡ. ಶಿವಮೊಗ್ಗ ಪೇಟೆಯ ಏಪ್ರಿಲ್ ಬಿಸಿಲು ಒಂದು ಬಗೆಯದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಸೀಮೆಯ ತೇವ ಇನ್ನೊಂದು ಬಗೆಯದು. ಈ ಎರಡಕ್ಕೂ ಒಂದೇ ಯಂತ್ರ, ಒಂದೇ ಅಳತೆ ಹೇಳುವವರು ನಿಮ್ಮ ಮನೆಯನ್ನು ನೋಡಿಲ್ಲ ಎಂದೇ ತಿಳಿಯಿರಿ.

ಅಮ್ಮನ ಮನೆಯಲ್ಲಿ ಹೆಂಚಿನ ಮಾಡಿನ ಕೋಣೆಗೆ ಎ.ಸಿ ಹಾಕಿಸಬೇಕೆಂದು ಮೂವರನ್ನು ಕರೆಸಿದ್ದೆವು. ಇಬ್ಬರು ಬಾಗಿಲಲ್ಲೇ ನಿಂತು ಒಂದೂವರೆ ಟನ್ ಎಂದರು. ಒಬ್ಬರಂತೂ ಎರಡು ಟನ್ ಇದ್ದರೆ ಒಳ್ಳೆಯದು ಎಂದರು. ಮೂರನೆಯವರು ತಲೆಯೆತ್ತಿ ಹೆಂಚು ನೋಡಿ, “ಅಮ್ಮ, ಈ ಕೋಣೆಗೆ ಈಗ ಎ.ಸಿ ಹಾಕಬೇಡಿ. ತಂಪೆಲ್ಲ ಹೆಂಚಿನ ಸಂದಿಯಲ್ಲಿ ಹೋಗುತ್ತದೆ. ಮೊದಲು ಸೀಲಿಂಗ್ ಮಾಡಿಸಿ, ಕಿಟಕಿಯ ಸಂದು ಮುಚ್ಚಿಸಿ, ಆಮೇಲೆ ನನ್ನನ್ನು ಕರೆಯಿರಿ” ಎಂದರು. ಕೆಲಸ ಅವರಿಗೇ ಹೋಯಿತು. ತಮಗೆ ಬರುವ ಹಣವನ್ನು ಮುಂದಕ್ಕೆ ಹಾಕಿ ನಿಜ ಹೇಳುವವರನ್ನು ಕಂಡರೆ ಬಿಡಬೇಡಿ.

ಟನ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಎಲ್ಲ ಕಡೆಯೂ ಇದೆ. ಒಂದು ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖ, ಅಂದರೆ ಸುಮಾರು 3.5 ಕಿಲೋವಾಟ್. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ತಾರಸಿಯ ಕೆಳಗಿನ ಕೋಣೆ, ಪಶ್ಚಿಮದ ಬಿಸಿಲು ಬೀಳುವ ಗೋಡೆ ಇದ್ದರೆ ಲೆಕ್ಕ ಮೇಲೇರುತ್ತದೆ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬ ಮಾತು ಮಲೆನಾಡಿನಲ್ಲಂತೂ ನಿಲ್ಲುವುದಿಲ್ಲ. ಕೋಣೆಗೆ ಮೀರಿದ ಯಂತ್ರ ಗಾಳಿಯನ್ನು ಬೇಗ ತಂಪು ಮಾಡಿ ನಿಂತುಬಿಡುತ್ತದೆ. ತೇವ ಹೀರುವಷ್ಟು ಹೊತ್ತು ಓಡುವುದೇ ಇಲ್ಲ. ಮೈಗೆ ತಣ್ಣಗೆ, ಹಾಸಿಗೆಗೆ ತಂಡಿ. ಹಾಗಾಗಿ ಕೋಣೆಗೆ ಬಂದು ಟೇಪ್ ಹಿಡಿದು ಅಳೆಯುವವರು, ಮೇಲೆ ಏನಿದೆ, ಎಷ್ಟು ಜನ ಮಲಗುತ್ತೀರಿ, ಬಿಸಿಲು ಯಾವ ಕಡೆಯಿಂದ ಎಂದು ಕೇಳುವವರು ಮೊದಲ ಜರಡಿಯಲ್ಲಿ ಉಳಿಯುತ್ತಾರೆ.

ನಮಗೆ ಸಿಗುವ ನಾಲ್ಕು ಬಗೆಯವರು

ಕಂಪನಿಯ ಅಧಿಕೃತ ಡೀಲರ್ ಮತ್ತು ಅವರ ಸ್ವಂತ ತಂಡ ಮೊದಲನೆಯದು. ದುರ್ಗಿಗುಡಿ, ನೆಹರು ರಸ್ತೆ, ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಅಂಗಡಿಗಳು ಬೇಕಾದಷ್ಟಿವೆ. ಇಲ್ಲಿ ಬಿಲ್, ವಾರಂಟಿ, ಬಿಡಿಭಾಗ ಮೂರೂ ಸರಿಯಾಗಿ ಸಿಗುತ್ತವೆ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಜೋಡಿಸಲು ಬರುವವರು ನಿಮ್ಮ ಸಂಬಳದ ಜನರೋ, ಅಥವಾ ಒಂದೊಂದು ಯಂತ್ರಕ್ಕೆ ಇಷ್ಟು ಎಂದು ಹಣ ಪಡೆಯುವ ಹೊರಗಿನವರೋ? ಎರಡನೆಯದಾದರೆ, ಯುಗಾದಿಯಿಂದ ಮೇ ಕೊನೆಯವರೆಗಿನ ನೂಕುನುಗ್ಗಲಿನಲ್ಲಿ ಅವರು ದಿನಕ್ಕೆ ಆರೇಳು ಮನೆ ಮುಗಿಸಲು ಓಡುತ್ತಿರುತ್ತಾರೆ. ನಮ್ಮ ಮುಕ್ಕಾಲು ಗಂಟೆಯ ಕೆಲಸ ಅಂಥದ್ದೇ ಓಟದಲ್ಲಿ ಆದದ್ದು.

ಎರಡನೆಯದು ಆನ್‌ಲೈನ್ ಖರೀದಿ. ಬೆಲೆ ಕಡಿಮೆ, ನಿಜ. ಯಂತ್ರ ಒಂದು ದಿನ ಬರುತ್ತದೆ, ಜೋಡಿಸುವವರು ಇನ್ನೊಂದು ದಿನ, ಯಾರೆಂದು ಮೊದಲೇ ಗೊತ್ತಾಗುವುದಿಲ್ಲ. ಶಿವಮೊಗ್ಗ ನಗರದೊಳಗಿದ್ದರೆ ಹೇಗೋ ನಡೆಯುತ್ತದೆ. ಹೊಸನಗರದ ಒಳಗಿನ ಹಳ್ಳಿಗಳಿಗೆ ಇದನ್ನು ನಾನು ಖಂಡಿತ ಹೇಳುವುದಿಲ್ಲ.

ಮೂರನೆಯವರು ಮನೆ ಕಟ್ಟುವ ಗುತ್ತಿಗೆದಾರರು. ‘ಎಲ್ಲ ನಾನೇ ಮಾಡಿಸಿಕೊಡುತ್ತೇನೆ’ ಎನ್ನುತ್ತಾರೆ. ಹೊಸ ಮನೆಯಾದರೆ ಗೋಡೆಯೊಳಗೆ ಪೈಪ್ ಹೂಳುವ ಅನುಕೂಲವಿದೆ, ಹೊರಗೆ ಏನೂ ಕಾಣದೆ ಅಂದವಾಗಿರುತ್ತದೆ. ಆದರೆ ಹೂಳುವ ತಾಮ್ರದ ಪೈಪಿಗೆ ಗೋಡೆಯ ಒಳಗೆ ಒಂದೂ ಜೋಡಣೆ ಇರಬಾರದು, ಪ್ಲಾಸ್ಟರ್ ಮಾಡುವ ಮೊದಲೇ ನೈಟ್ರೋಜನ್ ಒತ್ತಡದಲ್ಲಿ ಒಂದು ಹಗಲು ರಾತ್ರಿ ಪರೀಕ್ಷಿಸಿರಬೇಕು, ತುದಿಗಳನ್ನು ಗಾಳಿಯಾಡದಂತೆ ಮುಚ್ಚಿರಬೇಕು. ಇದನ್ನು ಗಾರೆಯವರು ಮಾಡುವುದಿಲ್ಲ. ಅತ್ತಿಗೆಯ ಮನೆಯಲ್ಲಿ ಪೈಪ್ ಹೂಳುವ ದಿನವೇ ಎ.ಸಿ ಮೆಕ್ಯಾನಿಕ್ ಅಲ್ಲಿರಬೇಕೆಂದು ಹಟ ಹಿಡಿದೆವು. ಗುತ್ತಿಗೆದಾರರಿಗೆ ಬೇಸರವಾಯಿತು, ಆದರೂ ನಾವು ಬಿಡಲಿಲ್ಲ.

ನಾಲ್ಕನೆಯವರು ನಮ್ಮ ತಾಲ್ಲೂಕು ಪೇಟೆಯ ಸ್ವತಂತ್ರ ಮೆಕ್ಯಾನಿಕ್‌ಗಳು. ತೀರ್ಥಹಳ್ಳಿ, ಸಾಗರ, ಕೊಪ್ಪ, ಶೃಂಗೇರಿ ಎಲ್ಲೆಲ್ಲೂ ಫ್ರಿಜ್ ದುರಸ್ತಿಯಿಂದ ಆರಂಭಿಸಿ ಈಗ ಎ.ಸಿ ಕೆಲಸ ಮಾಡುವವರಿದ್ದಾರೆ. ಇವರಲ್ಲಿ ಅತ್ಯುತ್ತಮ ಕೆಲಸಗಾರರೂ ಇದ್ದಾರೆ, ಸಲಕರಣೆಯೇ ಇಲ್ಲದೆ ಧೈರ್ಯದ ಮೇಲೆ ನಡೆಸುವವರೂ ಇದ್ದಾರೆ. ಇವರ ದೊಡ್ಡ ಗುಣ ಹತ್ತಿರದಲ್ಲಿರುವುದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮನೆಗೆ ಇನ್ನೊಂದಿಷ್ಟು. ಪುಷ್ಯ ಮಳೆಯಲ್ಲಿ ರಸ್ತೆಗೆ ಮರ ಬಿದ್ದಿರುವಾಗ ನಗರದ ಸರ್ವಿಸ್ ಸೆಂಟರಿನವರು ‘ನಾಳೆ’ ಎಂದರೆ ಅದು ಯಾವ ನಾಳೆಯೋ. ಪೇಟೆಯ ಮೆಕ್ಯಾನಿಕ್ ಬೈಕಿನಲ್ಲಿ ಬಂದೇ ಬರುತ್ತಾರೆ. ತೊಂದರೆಯೆಂದರೆ, ಕಂಪನಿ ಒಪ್ಪದವರು ಜೋಡಿಸಿದರೆ ಕೆಲವು ವಾರಂಟಿಗಳು ಬಿದ್ದುಹೋಗುತ್ತವೆ. ಕಾರ್ಡಿನ ಸಣ್ಣ ಅಕ್ಷರಗಳನ್ನು ಓದಿಯೇ ಈ ದಾರಿ ಹಿಡಿಯಬೇಕು. ಜೋಡಣೆ ಕಂಪನಿಯವರಿಂದ, ಮುಂದಿನ ತೊಳೆಯುವ ಕೆಲಸ, ಸಣ್ಣಪುಟ್ಟ ದುರಸ್ತಿ ಇವರಿಂದ ಎಂದು ಹಂಚಿಕೊಳ್ಳುವುದೂ ಒಂದು ಉಪಾಯ.

‘ವ್ಯಾಕ್ಯೂಮ್ ಪಂಪ್ ತರುತ್ತೀರಾ?’

ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಇದನ್ನು ಕೇಳುತ್ತೇನೆ. ಈ ನಾಲ್ಕೂ ಬಗೆಯವರನ್ನು ಬೇರ್ಪಡಿಸುವ ನಿಜವಾದ ಗೆರೆ ಇಲ್ಲಿದೆ.

ಸ್ಪ್ಲಿಟ್ ಎ.ಸಿಯ ಗ್ಯಾಸ್ ಹೊರಗಿನ ಯೂನಿಟ್‌ನಲ್ಲಿ ತುಂಬಿಕೊಂಡೇ ಕಾರ್ಖಾನೆಯಿಂದ ಬರುತ್ತದೆ. ಒಳಗಿನ ಯೂನಿಟ್ ಮತ್ತು ನಡುವಿನ ತಾಮ್ರದ ಪೈಪಿನಲ್ಲಿ ಇರುವುದು ನಮ್ಮ ಮನೆಯ ಗಾಳಿ, ಅಂದರೆ ಮಲೆನಾಡಿನ ಒದ್ದೆ ಗಾಳಿ. ಆ ಗಾಳಿಯನ್ನೂ ತೇವವನ್ನೂ ಪೂರ್ತಿ ಹೊರಗೆಳೆದ ನಂತರವೇ ಗ್ಯಾಸಿನ ವಾಲ್ವ್ ತೆರೆಯಬೇಕು. ಅದಕ್ಕೆ ವ್ಯಾಕ್ಯೂಮ್ ಪಂಪ್. ಒತ್ತಡ ಸಾಕಷ್ಟು ಇಳಿದಾಗ ಪೈಪಿಗೆ ಅಂಟಿದ ನೀರಿನ ಪಸೆ ಕೋಣೆಯ ಬಿಸುಪಿನಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಇದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ನಂತರ ಪಂಪ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಕಾಯಬೇಕು. ಗೇಜಿನ ಮುಳ್ಳು ಅಲ್ಲಾಡದಿದ್ದರೆ ಸೋರಿಕೆ ಇಲ್ಲ.

ಅವಸರದವರು ಇದರ ಬದಲು ಒಂದು ಕಡೆಯ ನಟ್ ಸಡಿಲಿಸಿ, ಒಳಗಿನ ಗ್ಯಾಸನ್ನೇ ಒಂದಿಷ್ಟು ಬಿಟ್ಟು ‘ಗಾಳಿ ಹೊಡೆಯುತ್ತಾರೆ’. ಎರಡೇ ನಿಮಿಷದ ಕೆಲಸ. ಯಂತ್ರ ಆ ದಿನ ತಂಪು ಕೊಡುತ್ತದೆ, ಆದರೆ ಉಳಿದ ತೇವ ಕಂಪ್ರೆಸರ್‌ನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತದೆ. ಎರಡು ಮೂರು ವರ್ಷದ ಮೇಲೆ ಕಂಪ್ರೆಸರ್ ಹೋದಾಗ ಯಾರಿಗೂ ಆ ದಿನ ನೆನಪಿರುವುದಿಲ್ಲ. ಈಗಿನ ಬಹುತೇಕ ಯಂತ್ರಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಕೆಲವದರಲ್ಲಿರುವ ಆರ್-290 ಪ್ರೊಪೇನ್ ಆದ್ದರಿಂದ ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇವನ್ನು ಹೊರಬಿಡುವುದು ಯಾವ ರೀತಿಯಿಂದಲೂ ಸರಿಯಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಎ.ಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವವರು ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುತ್ತಿದ್ದಾರೆ. ‘ವರ್ಷಕ್ಕೊಮ್ಮೆ ಗ್ಯಾಸ್ ಟಾಪ್‌ಅಪ್ ಮಾಡಿಸಬೇಕು’ ಎಂದು ಮೊದಲೇ ಹೇಳುವವರನ್ನು ಅಲ್ಲಿಂದಲೇ ಕಳಿಸಿಬಿಡಿ.

ಜಂಬಿಟ್ಟಿಗೆ ಗೋಡೆ ಮತ್ತು ಮಳೆ

ಬಯಲುಸೀಮೆಯಲ್ಲಿ ನೂರು ಎ.ಸಿ ಕೂರಿಸಿದವರಿಗೂ ನಮ್ಮ ಗೋಡೆ ಹೊಸದಾಗಿರಬಹುದು. ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು, ಮೆತ್ತನೆಯದು. ಇಟ್ಟಿಗೆ, ಕಾಂಕ್ರೀಟಿಗೆ ಹೊಡೆಯುವ ಆಂಕರ್ ಬೋಲ್ಟ್ ಅದರಲ್ಲಿ ಹಿಗ್ಗಿ ಕಚ್ಚಿಕೊಳ್ಳುವುದಿಲ್ಲ. ಮೂವತ್ತು ಕಿಲೋ ತೂಗುವ ಔಟ್‌ಡೋರ್ ಯೂನಿಟ್ ನಡುಗುತ್ತ ನಡುಗುತ್ತ ಬೋಲ್ಟನ್ನು ಸಡಿಲಿಸುತ್ತದೆ. ಗೋಡೆಯ ಆಚೆಯವರೆಗೆ ಹಾಯುವ ಬೋಲ್ಟ್ ಹಾಕಿ ಒಳಗಿನಿಂದ ಪಟ್ಟಿ ಕೊಡಬೇಕು, ಇಲ್ಲವೇ ನೆಲದ ಮೇಲೆ ಎತ್ತರದ ಕಟ್ಟೆ ಕಟ್ಟಿ ಅಲ್ಲಿ ಕೂರಿಸಬೇಕು. ‘ಈ ಗೋಡೆಗೆ ಸ್ಟ್ಯಾಂಡ್ ಹೇಗೆ ನಿಲ್ಲಿಸುತ್ತೀರಿ?’ ಎಂದು ಕೇಳಿ ನೋಡಿ. ಉತ್ತರಕ್ಕೆ ಮೊದಲು ಗೋಡೆಯನ್ನು ತಟ್ಟಿ ನೋಡುವವರು ನಮ್ಮ ಕಡೆಯ ಕೆಲಸ ಬಲ್ಲವರು.

ಪೈಪಿಗಾಗಿ ಕೊರೆಯುವ ತೂತು ಹೊರಗಡೆಗೆ ಇಳಿಜಾರಾಗಿರಬೇಕು. ನಮ್ಮ ಮನೆಯ ಗೋಡೆ ಒದ್ದೆಯಾದದ್ದು ಈ ಒಂದು ತಪ್ಪಿನಿಂದ: ತೂತು ಒಳಮುಖವಾಗಿತ್ತು, ಗಾಳಿಮಳೆಯ ನೀರು ಪೈಪಿನ ಗುಂಟ ಒಳಗೇ ಹರಿದುಬಂತು. ಕೊರೆದ ತೂತಿಗೆ ಒಂದು ತುಂಡು ಪಿವಿಸಿ ಪೈಪ್ ಕೂರಿಸಿ, ಸುತ್ತ ಸಂದಿ ಮುಚ್ಚಬೇಕು. ಇಲ್ಲದಿದ್ದರೆ ಇರುವೆ, ಹಲ್ಲಿಗಳಿಗೆ ಅದೇ ಹೆಬ್ಬಾಗಿಲು. ಡ್ರೈನ್ ಪೈಪ್ ಉದ್ದಕ್ಕೂ ಇಳಿಮುಖವಾಗಿರಬೇಕು, ಮಧ್ಯೆ ಎಲ್ಲೂ ಏಳಬಾರದು, ತುದಿ ನೀರಿನಲ್ಲಿ ಮುಳುಗಿರಬಾರದು. ನಮ್ಮ ತೇವದಲ್ಲಿ ಆ ಪೈಪಿನಿಂದ ಬರುವ ನೀರು ಬೇರೆ ಊರುಗಳಿಗಿಂತ ಹೆಚ್ಚು. ಜೋಡಿಸಿದ ದಿನವೇ ಒಳಗಿನ ಟ್ರೇಗೆ ಒಂದು ಚೊಂಬು ನೀರು ಹೊಯ್ಯಿಸಿ, ಹೊರಗೆ ಬರುವುದನ್ನು ಕಣ್ಣಾರೆ ನೋಡಿ.

ಕರೆಂಟು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಜೀವಕ್ಕೆ ಸಂಬಂಧಿಸಿದ್ದು. ಎ.ಸಿಗೆ ಮತ್ತು ಗೀಸರ್‌ಗೆ ಬೋರ್ಡಿನಿಂದ ಪ್ರತ್ಯೇಕ ವೈರ್, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬೇಕು. ಒಂದೂವರೆ ಟನ್ ಎ.ಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿದರೆ ನಿಶ್ಚಿಂತೆ. ಬಚ್ಚಲಿನ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಾಲನ್ನು ಕಡಿಯುವ ಸ್ವಿಚ್) ಇರಲೇಬೇಕು. ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗ್ ಪಿನ್ನಿಗೆ ಸೇರಿಸಿ ‘ಸರಿಹೋಯಿತು’ ಎನ್ನುವವರಿದ್ದಾರೆ. ನ್ಯೂಟ್ರಲ್ ಎಲ್ಲೋ ಕಡಿದ ದಿನ ಗೀಸರಿನ ಮೈಯೆಲ್ಲ ವಿದ್ಯುತ್ ಆಗುತ್ತದೆ. ಹಾಗೆ ಮಾಡುವವರನ್ನು ಮನೆಯ ಒಳಗೆ ಬಿಡಬಾರದು. ವೈರಿಂಗ್ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರಿಂದಲೇ ಮಾಡಿಸಿ, ಅಗತ್ಯವಿದ್ದರೆ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಇನ್ವರ್ಟರ್ ಎ.ಸಿಯ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗುವುದು ಉಂಟು. ಮೇನ್ ಬೋರ್ಡಿಗೆ ಸರ್ಜ್ ರಕ್ಷಕ ಹಾಕುವ ಮಾತನ್ನು ತಾನಾಗಿ ಎತ್ತುವ ಗುತ್ತಿಗೆದಾರರಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತೇನೆ.

ಬಿಸಿನೀರು: ಹಂಡೆ ಇರುವ ಮನೆಯ ಲೆಕ್ಕ

ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಗೀಸರ್ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಹೊರಗಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುವ ಹೀಟ್ ಪಂಪ್ ಅದೇ ಕೆಲಸವನ್ನು ಸುಮಾರು ಮೂರನೇ ಒಂದರಷ್ಟರಲ್ಲಿ ಮುಗಿಸುತ್ತದೆ, ಮಳೆಗಾಲದಲ್ಲೂ ನಡೆಯುತ್ತದೆ. ಆದರೆ ಬೆಲೆ ಹೆಚ್ಚು, ಮತ್ತು ಅದನ್ನು ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಪೇಟೆಗಳಲ್ಲಿ ಇನ್ನೂ ವಿರಳ. ಶಿವಮೊಗ್ಗದಲ್ಲಿ ಸರ್ವಿಸ್ ತಂಡ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ತೆಗೆದುಕೊಳ್ಳಬಾರದು.

ಸೋಲಾರ್ ಹಾಕುವವರನ್ನು ಹೋಲಿಸುವಾಗ ನೆರಳಿನ ಮಾತು ಎತ್ತಿ. ಡಿಸೆಂಬರ್‌ನಲ್ಲಿ ನಡುಹಗಲಲ್ಲೂ ಸೂರ್ಯ ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 37 ಡಿಗ್ರಿ ವಾಲಿರುತ್ತಾನೆ. ತೋಟ ಮನೆಯ ದಕ್ಷಿಣಕ್ಕಿದ್ದರೆ ಹತ್ತು ಮೀಟರ್ ಎತ್ತರದ ಅಡಿಕೆ ಮರ ಮಧ್ಯಾಹ್ನವೇ ಏಳೂವರೆ ಮೀಟರ್ ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಏಪ್ರಿಲ್‌ನಲ್ಲಿ ಬಂದು ‘ಇಲ್ಲಿ ಬಿಸಿಲು ಚೆನ್ನಾಗಿದೆ’ ಎಂದು ಹೇಳಿ ಹೋಗುವವರು ಈ ಲೆಕ್ಕ ಮಾಡಿರುವುದಿಲ್ಲ. ಎರಡನೆಯದು ಮಂಗಗಳು. ಗಾಜಿನ ಕೊಳವೆಗಳ ಸೋಲಾರ್ ಅಗ್ಗ, ಆದರೆ ಮಂಗ ಕುಣಿದರೆ, ತೆಂಗಿನ ಗರಿ ಬಿದ್ದರೆ ಒಡೆಯುತ್ತದೆ. ಗಟ್ಟಿ ಗಾಜಿನ ಫಲಕದ ಬಗೆ ದುಬಾರಿಯಾದರೂ ತೋಟದ ಮನೆಗೆ ಅದೇ ಮೇಲು ಎಂಬುದು ನನ್ನ ತೀರ್ಮಾನ. ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರಾದರೆ ಮರಳು, ಎಲೆಯ ಕಸ ತಡೆಯುವ ಫಿಲ್ಟರ್ ಬೇಕೆಂದು ಹೇಳುವವರಿಗೇ ಕೆಲಸ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಒಂದನ್ನೇ ನಂಬುವಂತಿಲ್ಲ. ‘ಮಳೆಗಾಲದಲ್ಲೂ ಬಿಸಿನೀರು ಗ್ಯಾರಂಟಿ’ ಎಂಬ ಮಾತನ್ನು ಕೇಳಿದ ಕೂಡಲೇ ಎಚ್ಚರವಾಗಿ.

ಕೊಟೇಷನ್ ಪಕ್ಕಪಕ್ಕ ಇಟ್ಟಾಗ

ಮೂರು ಕೊಟೇಷನ್ ತರಿಸಿ. ಮೊತ್ತವನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಏನೇನು ಬರೆದಿಲ್ಲ ಎಂಬುದನ್ನು. ಯಂತ್ರದ ಜೊತೆ ಬರುವ ತಾಮ್ರದ ಪೈಪ್ ಸಾಮಾನ್ಯವಾಗಿ ಮೂರು ಮೀಟರ್. ಹೆಚ್ಚಿಗೆ ಬೇಕಾದರೆ ಮೀಟರಿಗೆ ಎಷ್ಟು, ಅದರ ದಪ್ಪ ಎಷ್ಟು, ಸ್ಟ್ಯಾಂಡ್, ಡ್ರೈನ್ ಪೈಪ್, ಸ್ಟೆಬಿಲೈಸರ್, ಗೋಡೆ ಕೊರೆದ ಮೇಲೆ ಗಾರೆ ಕೆಲಸ ಯಾರದು? ನಮಗೆ ಬಂದ ಅತ್ಯಂತ ಕಡಿಮೆ ಮೊತ್ತದ ಕೊಟೇಷನ್‌ನಲ್ಲಿ ಇವು ಯಾವುವೂ ಇರಲಿಲ್ಲ. ಎಲ್ಲ ಕೂಡಿಸಿದಾಗ ಅದು ಮೂರರಲ್ಲಿ ದುಬಾರಿಯದಾಯಿತು. ಸ್ಟಾರ್ ಲೇಬಲ್ ಮೇಲೆ ಯಾವ ವರ್ಷದ್ದು ಎಂದೂ ನೋಡಿ, ಏಕೆಂದರೆ ಮಾನದಂಡ ಆಗಾಗ ಬಿಗಿಯಾಗುತ್ತದೆ, ಹಳೆಯ ಐದು ಸ್ಟಾರ್ ಇಂದಿನ ಐದು ಸ್ಟಾರ್ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಎ.ಸಿಯ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದ್ದರಿಂದ ‘ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇನೆ’ ಎಂಬ ಮಾತಿಗೆ ಒಪ್ಪುವ ಕಾರಣ ಇನ್ನೂ ಕಡಿಮೆಯಾಗಿದೆ. ಎರಡೂ ಯೂನಿಟ್‌ಗಳ ಸೀರಿಯಲ್ ಸಂಖ್ಯೆ, ಜೋಡಿಸಿದ ದಿನ, ಜೋಡಿಸಿದವರ ಹೆಸರು ಬಿಲ್ಲಿನಲ್ಲಿರಲಿ. ಮುಂಗಡ ಪೂರ್ತಿ ಕೊಡಬೇಡಿ. ಒಂದು ಪಾಲನ್ನು ಯಂತ್ರ ಒಂದು ದಿನ ಓಡಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿ.

ಮೋಸವಾದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ ಇದ್ದರೆ ಮಾತ್ರ ಇದು ಸುಲಭ. ನಮ್ಮ ಮೊದಲ ಎ.ಸಿಯ ಜೋಡಣೆಗೆ ಬಿಲ್ ಇರಲಿಲ್ಲ.

ಕಾಲವನ್ನೂ ಆರಿಸಿಕೊಳ್ಳಿ. ಎ.ಸಿಗೆ ಜನವರಿ, ಫೆಬ್ರವರಿ. ಸೋಲಾರ್‌ಗೆ ದೀಪಾವಳಿಯ ಆಸುಪಾಸು. ಒಳ್ಳೆಯ ಕೆಲಸಗಾರರಿಗೆ ಆಗ ಬಿಡುವಿರುತ್ತದೆ, ಬಿಡುವಿದ್ದಾಗ ಅವರ ಕೆಲಸವೂ ಚೆನ್ನಾಗಿರುತ್ತದೆ.

ನಗರದಲ್ಲಿರುವವರಿಗೆ ನನ್ನ ಸಲಹೆ ಸ್ವಂತ ತಂಡವಿರುವ ಡೀಲರ್, ಅದೂ ಬೇಸಿಗೆಗೆ ಮುಂಚೆ. ಹಳ್ಳಿಯಲ್ಲಿರುವವರು ಮೊದಲು ತಮ್ಮ ಪೇಟೆಯಲ್ಲಿ ಪಂಪ್, ಗೇಜು, ನೈಟ್ರೋಜನ್ ಸಿಲಿಂಡರ್ ಮೂರೂ ಇರುವ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ಅವರು ಯಾವ ಕಂಪನಿಯ ಯಂತ್ರವನ್ನು ಚೆನ್ನಾಗಿ ಬಲ್ಲರೋ ಅದನ್ನೇ ಕೊಳ್ಳಲಿ. ಅಮ್ಮನ ಮನೆಯಲ್ಲಿ ಹಾಗೆಯೇ ಮಾಡಿದೆವು. ಅಪ್ಪ ಮಲಗುವ ಕೋಣೆಗೆ ಸೀಲಿಂಗ್ ಆದ ಮೇಲೆ ಒಂದು ಟನ್ನಿನ ಎ.ಸಿ ಬಂತು, ಅಂಗಳದ ಬದಿಯ ಚಾವಣಿಗೆ ಇನ್ನೂರು ಲೀಟರಿನ ಸೋಲಾರ್ ಏರಿತು, ಬಚ್ಚಲಿನ ಹಂಡೆ ಆಷಾಢಕ್ಕೆಂದು ಅಲ್ಲಿಯೇ ಉಳಿಯಿತು. ‘ಹೆಂಚಿನ ಕೋಣೆಗೆ ಬೇಡ’ ಎಂದಿದ್ದ ಆ ಮೆಕ್ಯಾನಿಕ್ ಪ್ರತಿ ವರ್ಷ ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಡ್ರೈನ್ ಪೈಪಿಗೆ ನೀರು ಹೊಯ್ದು ನೋಡಲು ಬರುತ್ತಾರೆ.